ಬಾಗಿಲ ಬಳಿ ನಿಂತ ಉಜ್ಜಿನಪ್ಪಣ್ಣ

ಹೊಸಪೇಟೆ
೧೩-೮-೧೯೯೭

ಮಾನ್ಯ ಎಂಜಿನಿಯರ್ ಸಾಹೇಬರ ದಿವ್ಯ ಸನ್ನಿಧಾನಕ್ಕೆ,

ಕಂಪ್ಯೂಟರ್ ನಕ್ಷೆಗಳ ಹೊಸ ನಿಯಮಗಳನ್ನು ಭಕ್ತಿಯಿಂದ ಪಾಲಿಸಿದ್ದೇನೆ. ಗೋಡೆಗೆ ಬಿಳಿ ಗೆರೆ, ಬಾಗಿಲಿಗೆ ಹಳದಿ. ಎತ್ತರ ತಿಳಿಯಲೆಂದು ಬಾಗಿಲ ಬಳಿ ನಿಲ್ಲಿಸುವ ಮನುಷ್ಯನ ಚಿತ್ರ ಮಾತ್ರ ನಿಯಮದಂತಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯ ನಕ್ಷೆಯಲ್ಲಿ ನಿಂತಿರುವವರು ನಮ್ಮ ಡ್ರಾಫ್ಟ್ಸ್‌ಮನ್ ಉಜ್ಜಿನಪ್ಪಣ್ಣ. ಚೇಷ್ಟೆಗೆ ನಾನೇ ಬಿಡಿಸಿದ್ದೆ.

“ಲೇ, ಹೊಟ್ಟಿ ಭಾಳ ಮುಂದ ಬಂದೈತಿ. ಬಾಗ್ಲಾನರ ಅಗಲ ಮಾಡಲೇ!” ಎಂದು ಅದನ್ನು ನೋಡಿ ಅವರೇ ನಕ್ಕಿದ್ದರು.

ಸೋಮವಾರ ಅವರನ್ನು ಮಣ್ಣು ಮಾಡಿ ಬಂದೆವು. ಮಧ್ಯಾಹ್ನ ಊಟ ಮಾಡಿ, ನಕ್ಷೆಯಲ್ಲಿ ಅವರು ಅರ್ಧಕ್ಕೆ ಉಳಿಸಿದ್ದ ಮೆಟ್ಟಿಲುಗಳನ್ನು ಮುಗಿಸಿದೆ.

ಪರದೆಯಲ್ಲಿ ಕಂಡರೂ ಕಾಗದಕ್ಕೆ ಬಾರದ ಪದರ, ಲೇಯರ್ ಎನ್ನುವುದು, ಒಂದು ನಿಯಮದಲ್ಲೇ ಇದೆ. ಅವರನ್ನು ಅದರೊಳಗೆ ನಿಲ್ಲಿಸಲು ಅಪ್ಪಣೆಯಾಗಬೇಕು. ಅಳಿಸಲೇಬೇಕೆಂದರೆ ನಾಳೆ ತಾವೇ ಬಂದು ಅಳಿಸಿರಿ. ಕಂಪ್ಯೂಟರ್ ಚಾಲೂ ಮಾಡಿ ಇಟ್ಟಿರುತ್ತೇನೆ.

ತಮ್ಮ ಆಜ್ಞಾಧಾರಕ,
ಭರಮಣ್ಣ