ಮೇಲಿನ ಹಲಗೆಯ ಜಾಗ

ಹಾಪಲಹ್ತಿ
ಭಾನುವಾರ, ಮಾರ್ಚ್ ೩, ೨೦೧೯

ಪ್ರೀತಿಯ ಕಾತ್ರಿ,

ಕ್ರಿಸ್‌ಮಸ್ ದಿನವೂ ನಿನ್ನ ಅಮ್ಮ ನಿನ್ನ ಕರೆಗೆ ಓಗೊಡಲಿಲ್ಲವೆಂಬ ನೋವು ನಿನ್ನಲ್ಲಿ ಇನ್ನೂ ಇರಬಹುದು. ಆದ್ದರಿಂದ ಮುಖ್ಯವಾದುದನ್ನು ಮೊದಲೇ ಬರೆಯುತ್ತೇನೆ: ನಿನ್ನೆ ಸಂಜೆ ನಿನ್ನ ಅಮ್ಮ ಸೈಮಿ ಸೌನಾಕ್ಕೆ ಹೋದಳು. ಮನೆಯ ಸ್ನಾನದ ಕೋಣೆಗಲ್ಲ, ಸರೋವರದ ದಂಡೆಯ ಊರ ಹಬೆಮನೆಗೆ, ಹೆಂಗಸರ ಸರದಿಗೆ, ಟವೆಲನ್ನು ಹೆಗಲಿಗೆ ಹಾಕಿಕೊಂಡು, ಇನ್ನೂ ಬೆಳಕಿರುವಾಗಲೇ.

ಅವಳು ಅಲ್ಲಿಗೆ ಹೋಗುವುದನ್ನು ಏಕೆ ಬಿಟ್ಟಳೆಂದು ನಿನಗೆ ಯಾರೂ ಹೇಳಿರಲಾರರು. ಎರಡು ಚಳಿಗಾಲಗಳ ಹಿಂದೆ, ಮೇಲಿನ ಸಾಲಿನಲ್ಲಿ ಕಿಟಕಿಯ ಪಕ್ಕದ ತನ್ನ ಮಾಮೂಲಿ ಜಾಗದಲ್ಲಿ ಅವಳು ಕುಳಿತಾಗ, ಅವಳ ಅಡಿಯ ಹಲಗೆ ಚಟ್ಟೆಂದು ಬಿರುಕುಬಿಟ್ಟಿತು. ಯಾರೂ ನಗಲಿಲ್ಲ. ಪಕ್ಕದ ಮನೆಯ ಹಿಲ್ಕಾ ಒಲೆಯ ಕಲ್ಲುಗಳ ಮೇಲೆ ಇನ್ನೊಂದು ಸೌಟು ನೀರು ಸುರಿದಳು, ಹಬೆ ಎದ್ದಿತು, ಅಷ್ಟೇ. ಕಂಡದ್ದನ್ನು ಕಾಣದಂತೆ ಇರುವುದು ನಮ್ಮವರ ಸೌಜನ್ಯ. ಆ ಮೌನವನ್ನು ನಿನ್ನ ಅಮ್ಮ ತನ್ನ ಮೇಲಿನ ತೀರ್ಪೆಂದು ತಿಳಿದಳು. ಮುಂದಿನ ಶನಿವಾರ ಮಂಡಿನೋವೆಂದಳು. ಅದರಾಚೆಯ ಶನಿವಾರ ಕಾರಣವನ್ನೂ ಕೊಡಲಿಲ್ಲ. ಏಕೆ ಬರುತ್ತಿಲ್ಲವೆಂದು ಕೇಳುವುದು ಒರಟುತನವೆಂದು ಹೆಂಗಸರು ಕೇಳಲಿಲ್ಲ. ತಾನಿಲ್ಲದೆ ಅವರಿಗೆ ಜಾಗ ಸಲೀಸಾಯಿತೆಂದು ಇವಳು ನಂಬಿದಳು.

ಕೊಬ್ಬನ್ನು ಶೀತದಿಂದ ಕರಗಿಸುವ ಯಂತ್ರದ ವಿಚಾರ ಅವಳ ಕಣ್ಣಿಗೆ ಬಿದ್ದದ್ದು ಆಗಲೇ. ಕತ್ತರಿ ಹಾಕುವುದಿಲ್ಲ, ಹೊಲಿಗೆಯಿಲ್ಲ, ಮಲಗಿ ಏಳುವಷ್ಟರಲ್ಲಿ ಕೆಲಸ ಮುಗಿಯಿತು. ಅದೂ ಸ್ವಂತ ಮಗಳ ಚಿಕಿತ್ಸಾಲಯದಲ್ಲೇ ಇದೆ! ನಾನು ಅಂಗಡಿಯಲ್ಲಿ ಈ ಮಾತೆತ್ತಿದಾಗ ಹಿಲ್ಕಾ ಬಿದ್ದು ಬಿದ್ದು ನಕ್ಕಳು. "ಚಳಿಗೆ ಕೊಬ್ಬು ಕರಗೋ ಹಾಗಿದ್ರೆ ಮೇಷ್ಟ್ರೇ, ನಮ್ಮೂರಲ್ಲಿ ಎಲ್ರೂ ಕಡ್ಡಿ ಥರ ಇರ್ಬೇಕಿತ್ತು! ಆ ಯಂತ್ರ ಯಾಕೆ, ಸರೋವರದಲ್ಲಿ ಮಂಜುಗಡ್ಡೆ ಕೊರೆದು ಅದ್ದಿ ಬಿಡಿ" ಎಂದಳು.

ಕಳೆದ ಅಕ್ಟೋಬರ್‌ನಲ್ಲಿ ನಾವು ತುರ್ಕುವಿನ ನಿನ್ನ ಚಿಕಿತ್ಸಾಲಯಕ್ಕೆ ಬಂದ ದಿನವನ್ನು ನೀನು ಮರೆತಿರಲಾರೆ. ನಿನ್ನ ಬಾಗಿಲ ನಾಮಫಲಕದ ತಿರುಪುಮೊಳೆಗಳ ತಲೆಯ ಗೀರುಗಳು ಒಂದೊಂದು ಒಂದೊಂದು ದಿಕ್ಕಿಗೆ ನೋಡುತ್ತಿದ್ದವು. ಕಾಯುತ್ತಿದ್ದಾಗ ಚಾಕುವಿನ ತುದಿಯಿಂದ ಅವನ್ನೆಲ್ಲ ನೇರ ಮಾಡಿದೆ. ಕ್ಷಮಿಸು, ಅದು ನಿನ್ನ ಅಪ್ಪನ ಅಭ್ಯಾಸ. ಆದರೆ ಫಲಕದ ಬರಹದಲ್ಲಿ ಈ ಹಳೆಯ ಶಾಲಾಮೇಷ್ಟ್ರು ತಿದ್ದುವಂಥದ್ದೇನೂ ಇರಲಿಲ್ಲ. ಎಲ್ಲರೂ 'ತೂಕ ಇಳಿಸುತ್ತೇವೆ' ಎಂದು ಬರೆಸುವ ಕಾಲದಲ್ಲಿ ನೀನು 'ಆಕಾರ ತಿದ್ದುತ್ತೇವೆ' ಎಂದು ಬರೆಸಿದ್ದೆ. ಎರಡೂ ಒಂದಲ್ಲವೆಂದು ನನಗೆ ತಿಳಿದದ್ದು ಒಳಗೆ ಬಂದ ಮೇಲೆ.

ನೀನು ಅಮ್ಮನ ರಕ್ತದೊತ್ತಡ ನೋಡಿದೆ, ಸಕ್ಕರೆಯ ಕಾಯಿಲೆಯ ವಿವರ ಕೇಳಿದೆ, ಹೊಟ್ಟೆಯನ್ನು ಮುಟ್ಟಿ ನೋಡಿದೆ. ಆಮೇಲೆ ಆ ಯಂತ್ರದ ಬಟ್ಟಲನ್ನು ಅವಳ ಅಂಗೈಗೆ ಇಟ್ಟು ಹೇಳಿದೆ: "ಅಮ್ಮಾ, ಇದು ಹಿಡಿಯೋದು ಇಷ್ಟೇ. ಚರ್ಮದ ಕೆಳಗಿನ ಕೊಬ್ಬಿನ ಒಂದು ಮಡಿಕೆ. ತೂಕ ಹೆಚ್ಚುಕಮ್ಮಿ ಸರಿಯಾಗಿದ್ದು, ಏನು ಮಾಡಿದ್ರೂ ಒಂದು ಕಡೆ ಮಾತ್ರ ಕರಗದೆ ಕೂತಿರತ್ತಲ್ಲ, ಅಂಥವರಿಗೆ ಇದು. ನಿನಗೆ ಹಾಕಿದ್ರೆ ತಕ್ಕಡಿ ಅಲ್ಲಾಡೋದೂ ಇಲ್ಲ. ಒಳಗೆ ಕರುಳಿನ ಸುತ್ತ ಇರೋ ಕೊಬ್ಬನ್ನ ಇದು ಮುಟ್ಟೋದೇ ಇಲ್ಲ. ನಿನಗೆ ತೊಂದರೆ ಕೊಡ್ತಿರೋದು ಅದೇ. ಊರಿನ ಆರೋಗ್ಯ ಕೇಂದ್ರಕ್ಕೆ ಹೋಗು. ಊಟ, ನಡಿಗೆ, ಬೇಕಾದ್ರೆ ಔಷಧಿ, ಎಲ್ಲ ಅವರು ನೋಡಿ ಹೇಳ್ತಾರೆ. ತೂಕ ಇಳಿದ ಮೇಲೂ ಒಂದು ಮಡಿಕೆ ಹಟ ಹಿಡಿದ್ರೆ ಆಗ ಬಾ."

ಸೈಮಿ ತಲೆ ತಗ್ಗಿಸಿಯೇ, "ನನಗೆ ಸೌನಾದಲ್ಲಿ ಮತ್ತೆ ಕೂರೋ ಹಾಗಾದ್ರೆ ಸಾಕು ಕಣೇ" ಎಂದಳು. ನೀನು ಕೊಟ್ಟ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ: "ಸೊಂಟ ಸಣ್ಣ ಮಾಡೋದು ಈ ಯಂತ್ರದ ಕೈಲಾಗಲ್ಲ. ಸೌನಾಗೆ ಹೋಗೋಕೆ ಈ ಯಂತ್ರ ಬೇಕಾಗಿಲ್ಲ."

ಆ ದಿನ ನನಗೆ ಅದು ಕಠೋರವಾಗಿ ಕೇಳಿಸಿತು. ರೈಲಿನಲ್ಲಿ ಇಡೀ ದಾರಿ ಸೈಮಿ ಕಿಟಕಿಗೆ ಮುಖ ಕೊಟ್ಟಿದ್ದಳು. ಮನೆಗೆ ಬಂದ ಮೇಲೆ ಒಂದೇ ಮಾತು: "ಊರಿನ ಹೆಂಗಸರೆಲ್ಲ ಅವಳ ಹತ್ರ ಹೋಗ್ತಾರೆ. ಹೆತ್ತ ತಾಯಿ ಮಾತ್ರ ಬೇಡವಾದಳು."

ಮುಂದಿನದು ನಿನಗೆ ಗೊತ್ತಿಲ್ಲ. ಜನವರಿಯಲ್ಲಿ ಅವಳು ಪಟ್ಟಣದ ಬೇರೊಂದು ಸೌಂದರ್ಯ ಕೇಂದ್ರಕ್ಕೆ ಹೋದಳು, ನಾನೂ ಜೊತೆಗಿದ್ದೆ. ಅಲ್ಲಿ ಎದುರಿಗೆ ಕುಳಿತಿದ್ದ ಯುವತಿ ಪರದೆಯಿಂದ ಕಣ್ಣು ತೆಗೆಯದೆ, "ಹೊಟ್ಟೆಗಾ, ತೊಡೆಗಾ? ಎರಡಕ್ಕೂ ಆದ್ರೆ ರಿಯಾಯಿತಿ ಇದೆ. ಯಾವ ದಿನ ಬರೆದುಕೊಳ್ಳಲಿ?" ಎಂದಳು. ಸೈಮಿ ಕೈಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಳು. "ನನಗೆ ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಲ್ವಾ?" ಎಂದಳು. ಯುವತಿ, "ಅದು ಬೇಕಾದ್ರೆ ಬರೆಸಿ" ಎಂದಳು. ನಿನ್ನ ಅಮ್ಮ ಎದ್ದು ಹೊರಗೆ ಬಂದಳು. ಹಿಮದ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನನ್ನ ತೋಳು ಹಿಡಿದು ಹೇಳಿದಳು: "ಮೇಷ್ಟ್ರೇ, ಕಾತ್ರಿ ನನ್ನ ತಲೆಯಿಂದ ಕಾಲ್ವರೆಗೂ ನೋಡಿ ಬೇಡ ಅಂದಳು. ಇವಳು ಮುಖಾನೂ ನೋಡ್ದೆ ಆಗ್ಲಿ ಅಂತಾಳೆ."

ಮಗಳೇ, ಒಂದು 'ಇಲ್ಲ' ಎಂಬುದರೊಳಗೆ ಎಷ್ಟು ಗಮನ, ಎಷ್ಟು ಗೌರವ ಅಡಗಿರಬಲ್ಲುದೆಂದು ಈ ವಯಸ್ಸಿನಲ್ಲಿ ನಿನ್ನಿಂದ ಕಲಿತೆ. ಪರರಿಗೆ ನಿಜ ಹೇಳುವುದು ಸುಲಭ. ಕಣ್ಣು ತುಂಬಿಕೊಂಡು ಎದುರಿಗೆ ಕುಳಿತ ತಾಯಿಗೆ ಹೇಳುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ.

ಮರುವಾರವೇ ಅವಳು ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿನ ದಾದಿ ಗದರಲಿಲ್ಲ, ಪವಾಡವನ್ನೂ ಮಾರಲಿಲ್ಲ. ಈಗ ಸೈಮಿ ಎರಡು ಊರುಗೋಲು ಹಿಡಿದು ಚರ್ಚಿನವರೆಗೆ ನಡೆಯುತ್ತಾಳೆ. ಬ್ರೆಡ್ಡಿನ ಮೇಲೆ ಬೆಣ್ಣೆ ಸವರುವಾಗ ನನ್ನನ್ನೇ ದಿಟ್ಟಿಸುತ್ತಾಳೆ, ಕಾವಲುಗಾರ ನಾನೆಂಬಂತೆ. ತೂಕ ಸ್ವಲ್ಪ ಇಳಿದಿದೆ, ಸ್ವಲ್ಪವೇ. ನೋಡಿದವರಿಗೆ ತಿಳಿಯುವಷ್ಟಲ್ಲ. ಆದರೂ ನಿನ್ನೆ ಅವಳು ಟವೆಲ್ ತೆಗೆದುಕೊಂಡು, "ಇಳಿಯೋದು ಇಳಿಯೋವಾಗ ಇಳೀಲಿ. ಅಲ್ಲೀವರೆಗೂ ಕೊಳೆ ಹೊತ್ಕೊಂಡು ಕೂರಕ್ಕಾಗತ್ತಾ?" ಎಂದು ಹೊರಟಳು. ಆ ಬೆನ್ನು ಹಿಮದ ದಾರಿಯಲ್ಲಿ ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತ ನಿಂತೆ. ಅದಕ್ಕಿಂತ ಧೈರ್ಯದ ನಡಿಗೆಯನ್ನು ನಾನು ಕಂಡಿಲ್ಲ.

ಒಳಗೆ ನಡೆದದ್ದನ್ನು ಹಿಲ್ಕಾ ಆಮೇಲೆ ಕಾಫಿಗೆ ಬಂದಾಗ ಹೇಳಿದಳು. ಸೈಮಿ ಬಾಗಿಲು ತೆರೆದು ಹೊಸ್ತಿಲಲ್ಲೇ ನಿಂತಳಂತೆ. ಮೇಲಿನ ಸಾಲು ತುಂಬಿತ್ತು. ಕಿಟಕಿಯ ಪಕ್ಕದ ಜಾಗವೊಂದು ಮಾತ್ರ ಖಾಲಿಯಿತ್ತು. ಎರಡು ಚಳಿಗಾಲಗಳಲ್ಲಿ ಅಲ್ಲಿ ಯಾರೂ ಕುಳಿತಿರಲಿಲ್ಲ. ಹಲಗೆ ಬಿರುಕುಬಿಟ್ಟ ವಾರವೇ ಯಾರೋ ಅದನ್ನು ತೆಗೆದು, ದಪ್ಪನೆಯ ಹೊಸ ಹಲಗೆಯನ್ನು ಕೂರಿಸಿದ್ದರು. ಹೇಳಿದರೆ ಮುರಿದದ್ದನ್ನು ನೆನಪಿಸಿದಂತಾಗುತ್ತದೆಂದು ಯಾರೂ ಇವಳಿಗೆ ಹೇಳಿರಲಿಲ್ಲ. ಎಂಥ ಜನ ನಾವು! ಹಿಲ್ಕಾ ಮೇಲಿನಿಂದಲೇ ಕೂಗಿದಳಂತೆ: "ಬಾಗಿಲು ಹಾಕೇ ಮಾರಾಯ್ತಿ, ಶಾಖ ಎಲ್ಲ ಹೋಗ್ತಿದೆ! ನಿನ್ನ ಜಾಗ ಕಾದೂ ಕಾದೂ ಆ ಕಡೆ ಪಕ್ಕೆ ತಣ್ಣಗಾಗಿ ಹೋಯ್ತು ನಂಗೆ."

ಅವಳು ಹತ್ತಿ ಕುಳಿತಳು. ಹಲಗೆ ಸದ್ದು ಮಾಡಲಿಲ್ಲ.

ಜೂನ್‌ನಲ್ಲಿ ನಡುಬೇಸಿಗೆಯ ಹಬ್ಬಕ್ಕೆ ನೀನು ಬರಬೇಕು. ಇದು ನನ್ನೊಬ್ಬನ ಆಹ್ವಾನವಲ್ಲವೆಂಬುದಕ್ಕೆ ಈ ಹಾಳೆಯ ಕೆಳಭಾಗವನ್ನು ಅಮ್ಮನಿಗಾಗಿ ಖಾಲಿ ಬಿಟ್ಟಿದ್ದೇನೆ.

ನಿನ್ನ ಬಗ್ಗೆ ಹೆಮ್ಮೆಪಡುವ,
ಅಪ್ಪ
ಓಯ್ವಾ

ಮರೆತ ಮಾತು: ಕಾತ್ರಿ, ನಾನು ಅಮ್ಮ. ಬರೋವಾಗ ಟವೆಲ್ ತಗೊಂಡು ಬಾ, ನನ್ನ ಪಕ್ಕ ಕೂರುವೆಯಂತೆ. ನಿಮ್ಮಪ್ಪ ಇಷ್ಟುದ್ದ ಬರೆದು 'ಯಾರೋ' ಅಂತ ಒಂದು ಕಡೆ ಬರೆದಿದ್ದಾರೆ, ನೋಡು. ನಿನ್ನೆ ಬಕೆಟ್ ಎತ್ತೋಕೆ ಬಗ್ಗಿದಾಗ ಆ ಹಲಗೆಯ ಅಡಿ ನೋಡಿದೆ. ತಿರುಪುಮೊಳೆಗಳ ಗೀರೆಲ್ಲ ಒಂದೇ ದಿಕ್ಕಿಗೆ ನೆಟ್ಟಗಿವೆ. ನನಗೆ ಗೊತ್ತಾಯ್ತು ಅಂತ ಅವರಿಗೆ ಹೇಳಿಲ್ಲ, ನೀನೂ ಹೇಳಬೇಡ. ಕಾಗದ ನಾನೇ ಅಂಟಿಸಿ ಹಾಕ್ತಿದ್ದೀನಿ.