ಕ್ಲೋರಿನ್ ಮೇಲಿನ ಆಪಾದನೆ

ಮಾರ್ಚ್ 3, ಬೆಳಿಗ್ಗೆ

ಪೂಲ್ ನೀರು ಟೆಸ್ಟ್ ಮಾಡಿದೆ. ಎಲ್ಲ ಸರಿ. ಆದರೂ ಅಕ್ಕ ಕೆಮ್ಮುತ್ತ ಬಂದು ಬೈದಳು. ಕ್ಲೋರಿನ್ ಸುರಿದಿದ್ದೇನಂತೆ, ಉಸಿರು ಕಟ್ಟುತ್ತಿದೆಯಂತೆ. ಎಪ್ಪತ್ತೆರಡು ವರ್ಷದ ಈಜು ಕೋಚ್, ಹೇಳಿದ್ದೇ ಕಾನೂನು. ಡೋಸ್ ಇಳಿಸಿದೆ. ನೀರಿನ ವಿಷಯದಲ್ಲಿ ಅವಳು ತಪ್ಪಿದ್ದನ್ನು ಕಂಡಿಲ್ಲ.

ಮಾರ್ಚ್ 9

ಇನ್ನೂ ಇಳಿಸು ಅಂದಳು. ಇಳಿಸಿದೆ. ಇವತ್ತು ಮುದುಕರ ಬ್ಯಾಚ್. ನೀರು ಕಂಡರೆ ನಡುಗುವ ರಿಟೈರ್ಡ್ ಜಡ್ಜ್ ಒಬ್ಬರಿಗೆ ಒಂದು ಗಂಟೆ ಬರೀ ಕಂಬಿ ಹಿಡಿದು ನಿಲ್ಲುವುದನ್ನು ಕಲಿಸಿದಳು. ನನಗೆ ಅಷ್ಟು ತಾಳ್ಮೆ ಇದ್ದಿದ್ದರೆ ಮದುವೆ ಉಳಿಯುತ್ತಿತ್ತು.

ಮಾರ್ಚ್ 14

ನೀರು ಅಕ್ಕಿ ತೊಳೆದ ಹಾಗೆ ಮಂಕು. ಮ್ಯಾನೇಜರ್ ಪೂಲ್ ಮುಚ್ಚಿಸಿ ನನ್ನ ಮಾನ ಹರಾಜು ಹಾಕಿದ. ಕ್ಲೋರಿನ್ ಹೆಸರಿಗೂ ಇಲ್ಲ... ಅಕ್ಕ ಮಾತ್ರ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದಾಳೆ. ಆಗ ಹೊಳೆಯಿತು: ಇಷ್ಟು ದಿನ ಬೇರೆ ಯಾರೂ ಕೆಮ್ಮಿಲ್ಲ. ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ.

ಮಾರ್ಚ್ 15

ಹೃದಯದ ಎರಡು ರಕ್ತನಾಳ ಮುಕ್ಕಾಲು ಪಾಲು ಮುಚ್ಚಿವೆ. ಅಕ್ಕ ಜಗಳಕ್ಕೇ ನಿಂತಳು. ತನ್ನ ಕೊಲೆಸ್ಟ್ರಾಲ್ ಅಪ್ಪಟ ಚಿನ್ನ, ಸಿಗರೇಟ್ ಮುಟ್ಟಿಲ್ಲ, ದಿನಾ ಈಜು.

ಡಾಕ್ಟರಮ್ಮ ಹೇಳಿದ್ದು, ನನಗೆ ತಿಳಿದಷ್ಟು: ವಯಸ್ಸಾದಂತೆ ರೋಗ ತಡೆಯುವ ಮೈಯ ಕಾವಲುಗಾರರೂ ಮುದುಕರಾಗುತ್ತಾರೆ. ಹೊಸ ರೋಗವನ್ನು ತಡವಾಗಿ ಗುರುತಿಸುತ್ತಾರೆ, ಹಳೆಯ ಜಗಳ ಮಾತ್ರ ಬಿಡುವುದಿಲ್ಲ. ಸಣ್ಣ ಉರಿಯೂತ ವರ್ಷಗಟ್ಟಲೆ ಒಳಗೊಳಗೇ ಹೊಗೆಯಾಡಿ ರಕ್ತನಾಳದ ಗೋಡೆ ಕೆಡಿಸುತ್ತದೆ. ಅಕ್ಕನಿಗೆ ಸಂಧಿವಾತ ಬೇರೆ. ಬೆರಳ ಗೆಣ್ಣು ಊದಿದರೂ ತುಟಿ ಪಿಟಕ್ಕೆನ್ನದೆ ಪಾಠ ಮಾಡಿದವಳು. ಇಷ್ಟು ದಿನ ಕಾಪಾಡಿದ್ದರಲ್ಲಿ ಈಜಿನ ಪಾಲೂ ಇದೆ ಅಂದರು. ಹೆಮ್ಮೆಯಾಯಿತು. ಅಳುವೂ ಬಂತು.

ಅಕ್ಕ ಕೇಳಿದ್ದು ಒಂದೇ: "ಮತ್ತೆ ನೀರಿಗೆ ಇಳೀಬಹುದಾ?"

ಮೊದಲು ಸ್ಟೆಂಟ್, ಆಮೇಲೆ ನೋಡೋಣ ಅಂದರು.

ಮಾರ್ಚ್ 17, ಸಂಜೆ

ಸ್ಟೆಂಟ್ ಆಯಿತು. ಭಯದಿಂದ ಒದ್ದಾಡುತ್ತಿದ್ದ ಪಕ್ಕದ ಬೆಡ್ಡಿನ ಹೆಂಗಸಿಗೆ ಆಗಲೇ ಉಸಿರು ಬಿಡುವುದನ್ನು ಹೇಳಿಕೊಡುತ್ತಿದ್ದಾಳೆ. ಎಂಥಾ ಜೀವ ಇದು!

ಏಪ್ರಿಲ್ 29

ಸಂಧಿವಾತಕ್ಕೂ ಸರಿಯಾದ ಔಷಧಿ ಶುರುವಾಗಿ ಉರಿಯೂತ ಇಳಿದಿದೆ. ಡಾಕ್ಟರಮ್ಮ ಈಜಿಗೆ ಒಪ್ಪಿದರು. ಷರತ್ತು: ಎದೆಮಟ್ಟದ ನೀರು ಸಾಕು, ಪಕ್ಕದಲ್ಲಿ ಒಬ್ಬರು ಇರಲೇಬೇಕು. ಅಕ್ಕ ನನ್ನ ಕಡೆ ಬೆರಳು ಮಾಡಿದಳು. ಮೂವತ್ತು ವರ್ಷ ನೀರಿಗೆ ಮದ್ದು ಹಾಕಿದವನು ನಾನು. ಈಜು ಬರುವುದಿಲ್ಲ, ನೀರಿಗೆ ಇಳಿದವನೂ ಅಲ್ಲ. ಊರಿಗೆಲ್ಲ ಗೊತ್ತು. ಲೈಫ್‌ಗಾರ್ಡ್ ಇದ್ದಾನಲ್ಲ ಅಂದೆ. ಅವನು ದಡದ ಮೇಲಿರಲಿ, ಪಕ್ಕಕ್ಕೆ ನೀನೇ ಅಂದಳು.

ಏಪ್ರಿಲ್ 30, ಬೆಳಿಗ್ಗೆ

ಪಂಪ್ ರೂಮಿನಲ್ಲಿ, ಹೊಸ ಚಡ್ಡಿ ಹಾಕಿಕೊಂಡು ಬರೆಯುತ್ತಿದ್ದೇನೆ. ಬಾಗಿಲಾಚೆ ಅಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾಳೆ. ಎಷ್ಟು ಚೆಂದ ಕಾಣುತ್ತಾಳೆ ಅಲ್ಲಿ.

"ಬಾರೋ. ನೀನಿಲ್ದೆ ನಾನು ಮುಂದೆ ಹೋಗೋ ಹಾಗಿಲ್ಲ."

ಹುಟ್ಟಿದಾಗಿನಿಂದ ನನಗೇ ಅವಳು ಬೇಕಿತ್ತು. ಮೊದಲ ಸಲ ಅವಳಿಗೆ ನಾನು ಬೇಕು. ಹೊರಟೆ. ಉಳಿದದ್ದು ವಾಪಸ್ ಬಂದ ಮೇಲೆ—