ಬೇಕೆಂದೇ ಬಿಟ್ಟ ಚೆಂಡು

ಟ್ರಾಯ್, ನ್ಯೂಯಾರ್ಕ್ ಪ್ರಾಂತ
೧೮೮೬ ಅಕ್ಟೋಬರ್ ೪, ಸೋಮವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮಂಡಿನೋವು ಹೇಗಿದೆ? ಆಲೂಗಡ್ಡೆ ಅಗೆಯಲು ನೀವೇ ಬಗ್ಗಬೇಡಿ, ಪಕ್ಕದ ಮನೆಯವರನ್ನು ಕರೆಯಿರಿ. ನಾವು ಕ್ಷೇಮ.

ನಿಮ್ಮ ಮಗನ ಒಂದು ಕಥೆ ಹೇಳಬೇಕು. ಅದನ್ನು ಮೊದಲು ಹೇಳಿದವನು ಇವರ ಬೇಸ್‌ಬಾಲ್ ತಂಡದಲ್ಲಿ ಮೂರನೇ ಬೇಸ್ ಕಾಯುವ ಲ್ಯಾಫರ್ಟಿ, ಮೊನ್ನೆ ಶನಿವಾರ ಸಂಜೆ, ನಮ್ಮ ಅಡುಗೆಮನೆಯಲ್ಲಿ, ಅರ್ಧ ಬೀದಿಯ ಜನರ ಮುಂದೆ. ನಾನು ಲಾಂಡ್ರಿಯಲ್ಲಿ ಕಾಲರ್‌ಗಳಿಗೆ ಇಸ್ತ್ರಿ ಹಾಕುತ್ತಿದ್ದೆ, ಆಟ ನೋಡಲಾಗಲಿಲ್ಲ. ನಿಮ್ಮ ಮಗ ಹನ್ನೊಂದು ವರ್ಷ ಬರಿಗೈಯಲ್ಲಿ ಎರಡನೇ ಬೇಸ್ ಕಾದವರು. ಬೆರಳುಗಳು ಹಳೇ ಮರದ ಬೇರಿನಂತೆ ಸೊಟ್ಟಗಾಗಿವೆ. ವರ್ಷದ ಕೊನೆಯ ಆಟಕ್ಕೆ ಮುಂಚೆ ಮ್ಯಾನೇಜರ್ ಪ್ರಿಂಡಲ್ ಎಲ್ಲರೆದುರೇ ಇವರಿಗೆ ಅಂದನಂತೆ: "ಕಾನ್, ಇವತ್ತು ಒಂದು ಚೆಂಡು ಕೈಬಿಟ್ರೂ ಸಾಕು, ಕಬ್ಬಿಣದ ಕಾರ್ಖಾನೇಲಿ ಕೆಲಸ ಹುಡುಕ್ಕೋ."

ಕೊನೆಯ ಸರದಿ. ನಮ್ಮವರು ಒಂದೇ ಓಟ ಮುಂದೆ. ಎದುರಾಳಿಗಳಲ್ಲಿ ಒಬ್ಬ ಔಟಾಗಿದ್ದ; ಒಂದನೇ ಬೇಸಿನಲ್ಲೊಬ್ಬ, ಎರಡನೆಯದರಲ್ಲೊಬ್ಬ ನಿಂತಿದ್ದರು. ಇನ್ನಿಬ್ಬರು ಔಟಾದರೆ ಗೆಲುವು. ಆಗ ಅವರ ದಾಂಡಿಗ ಹೊಡೆದ ಚೆಂಡು ನೆಟ್ಟಗೆ ಆಕಾಶಕ್ಕೆ ಹೋಗಿ ನಿಮ್ಮ ಮಗನ ತಲೆಯ ಮೇಲೇ ಇಳಿಯಿತು. ಮಗುವೂ ಹಿಡಿಯುವ ಚೆಂಡು. ಚೆಂಡು ಹಿಡಿದಾಗ ಬೇಸ್ ಬಿಟ್ಟು ದೂರವಿದ್ದರೆ ಓಟಗಾರನೂ ಔಟಾಗಬಹುದು; ಹಿಡಿದೇ ಹಿಡಿಯುತ್ತಾರೆಂದು ಇಬ್ಬರೂ ಬೇಸಿಗೆ ಅಂಟಿಕೊಂಡರು. ಇವರು ಕೈ ಒಡ್ಡಿದರು, ಬಿಟ್ಟೇಬಿಟ್ಟರು! "ಅಜ್ಜಾ, ಮನೆಗೋಗಿ ಬೆಂಕಿ ಕಾಯಿಸ್ಕೋ!" ಎಂದು ಜನ ಅರಚಿದರು. ಪ್ರಿಂಡಲ್ ಟೋಪಿಯನ್ನು ನೆಲಕ್ಕೆ ಬಡಿದ. ಆದರೆ ಚೆಂಡು ನೆಲ ಮುಟ್ಟಿದ ಮೇಲೆ, ಹೊಡೆದವನಿಗೆ ಜಾಗ ಬಿಟ್ಟು ಆ ಇಬ್ಬರೂ ಮುಂದಕ್ಕೆ ಓಡಲೇಬೇಕಲ್ಲ! ಅವರು ಕಾಲೆತ್ತುವಷ್ಟರಲ್ಲಿ ಇವರು ಪುಟಿದ ಚೆಂಡನ್ನು ಲ್ಯಾಫರ್ಟಿಗೆ ಎಸೆದಾಗಿತ್ತು. ಓಟಗಾರನಿಗಿಂತ ಮೊದಲೇ ಚೆಂಡು ಮೂರನೇ ಬೇಸ್ ತಲುಪಿತು, ಒಬ್ಬ ಔಟ್. ಲ್ಯಾಫರ್ಟಿ ಅದನ್ನು ಎರಡನೇ ಬೇಸಿಗೆ ಹಿಂದಕ್ಕೆಸೆದ. ಅಲ್ಲಿ ಇವರೇ ಕಾಲೂರಿ ನಿಂತಿದ್ದರು. ಇನ್ನೊಬ್ಬ ಔಟ್. ಗೆದ್ದರು!

ಬೈದವರೇ ಹೆಗಲ ಮೇಲೆ ಹೊತ್ತರಂತೆ. "ಬಿಟ್ಟೆಯಲ್ಲೋ, ಕಳ್ಳ ನನ್ಮಗನೇ!" ಎಂದು ಪ್ರಿಂಡಲ್ ತಬ್ಬಿಕೊಂಡನಂತೆ. ನಿಮ್ಮ ಮಗ, "ಒಂದು ಚೆಂಡು ಬಿಟ್ಟೆ ಸಾರ್, ಇಬ್ಬರನ್ನ ಹಿಡ್ಕೊಟ್ಟೆ. ಕಾರ್ಖಾನೆಗೆ ಯಾವಾಗ ಹೋಗ್ಲಿ?" ಅಂದರಂತೆ. ಈ ಮಾತನ್ನು ಲ್ಯಾಫರ್ಟಿ ಮೂರು ಸಲ ಹೇಳಿ, ನಮ್ಮ ಮನೆಯ ಬ್ರೆಡ್ಡನ್ನೆಲ್ಲ ಖಾಲಿ ಮಾಡಿದ.

ಊರಿನ ಎಲ್ಲರಿಗೂ ನಮ್ಮ ನೆನಪು ತಿಳಿಸಿ, ನಮಗೆ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ಹನೋರಾ

ತಾ.ಕ.: ಮುಖ್ಯ ವಿಷಯವೇ ಉಳಿದುಹೋಯಿತು! ಪ್ರಿಂಡಲ್ ಮೈದಾನದಲ್ಲೇ ಇವರಿಂದ ಮುಂದಿನ ವರ್ಷಕ್ಕೂ ಸಹಿ ಹಾಕಿಸಿಕೊಂಡ, ಅದೂ ತಂಡದ ನಾಯಕರಾಗಿ ಆಡಲು. ಮರುದಿನ ಭಾನುವಾರ ಬೆಳಿಗ್ಗೆ ಬಲಿಪೂಜೆಯ ಪ್ರಾರ್ಥನೆ ಮುಗಿದ ಮೇಲೆ, ಅಡುಗೆಮನೆಯಲ್ಲಿ ಕಥೆ ಕೇಳಿದವರೆಲ್ಲ ಚರ್ಚಿನ ಅಂಗಳದಲ್ಲಿ ಟೋಪಿಗಳನ್ನು ಮೇಲಕ್ಕೆಸೆದು, ಬೇಕೆಂದೇ ಬಿಟ್ಟು, ಹೆಕ್ಕಿ ಒಬ್ಬರಿಗೊಬ್ಬರು ಎಸೆಯುತ್ತಿದ್ದರು. ಪಾದ್ರಿಗಳು ಮೊದಲು ಗದರಿದರು, ಆಮೇಲೆ ತಮ್ಮದನ್ನೂ ಎಸೆದರು. ಪಾಪ, ಅವರಿಗೆ ಬಿಡಲು ಬರಲಿಲ್ಲ, ಹಿಡಿದುಬಿಟ್ಟರು.